"ಬೇಗ ಎತ್ಕೊಂಡು ಹೋಗ್ರೀ, ಯಾಕೆ ಕೂತಿದ್ದೀರಿ?"

ನಾನು 108 ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ. ಎಲ್ಲರೂ ನನ್ನನ್ನು ಕೇಳುವುದು ಇದೊಂದೇ: ಹೃದಯ ನಿಂತವರನ್ನು ತಕ್ಷಣ ಆಸ್ಪತ್ರೆಗೆ ಸಾಗಿಸದೆ ನೆಲದ ಮೇಲೇ ಯಾಕೆ ಎದೆ ಒತ್ತುತ್ತೀರಿ? ಕೇಳಿದರೆ ಬೇಸರವಿಲ್ಲ. "ಸುಮ್ನೆ ಟೈಮ್ ಪಾಸ್ ಮಾಡ್ತೀರಿ" ಅಂತ ಸೇರಿಸುತ್ತಾರಲ್ಲ, ಅದಕ್ಕೆ ಸಿಟ್ಟು ಬರುತ್ತದೆ.

ಹೃದಯ ನಿಂತಾಗ ಮಿದುಳಿಗೆ ರಕ್ತ ಹೋಗುವುದು ನಮ್ಮ ಕೈ ಒತ್ತಿದಷ್ಟೇ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. ಓಡುವ ಗಾಡಿಯಲ್ಲಿ ಹಂಪ್ ಬಂದರೆ ಒತ್ತುವವನೇ ಬೀಳುತ್ತಾನೆ. ಸ್ಟ್ರೆಚರ್ ಮೆಟ್ಟಿಲು ಇಳಿಸುವಾಗ ಒತ್ತಲು ಆಗುವುದೇ ಇಲ್ಲ. ಅಪಘಾತವಾಗಿ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಮಾತು ಬೇರೆ. ಅವರಿಗೆ ಆಪರೇಷನ್ನೇ ಬೇಕು, ಆಗ ನಾವು ನಿಲ್ಲುವುದಿಲ್ಲ.

ಒಮ್ಮೆ ಮದುವೆ ಛತ್ರದ ಊಟದ ಹಾಲ್‌ನಲ್ಲಿ ಹಿರಿಯರೊಬ್ಬರು ಕುಸಿದಿದ್ದರು. ಕೈಯಲ್ಲಿ ಯಾರೋ ಹಿಡಿಸಿದ ಬೀಗದ ಕೈ ಗೊಂಚಲು, ಮುಖದ ತುಂಬಾ ನೀರು, ಸುತ್ತ ಜನವೋ ಜನ. ನಾನು ಒತ್ತುತ್ತಿದ್ದರೆ ಅವರ ಭಾಮೈದ ನನ್ನ ಹೆಗಲು ಹಿಡಿದು ಎಳೆದರು. "ಒಂದು ಇಂಜೆಕ್ಷನ್ ಆದ್ರೂ ಹಾಕಿ ಸಾರ್!"

ಇಂಜೆಕ್ಷನ್ ಕಥೆ ಕೇಳಿ. ಬ್ರಿಟನ್ನಿನ ಆಂಬುಲೆನ್ಸ್‌ಗಳಲ್ಲಿ ಹೃದಯ ನಿಂತ 8,000ಕ್ಕೂ ಹೆಚ್ಚು ಜನರ ಮೇಲೆ ಪ್ಯಾರಾಮೆಡಿಕ್-2 ಎಂಬ ಅಧ್ಯಯನ ನಡೆಯಿತು. ಫಲಿತಾಂಶ ಬಂದಿದ್ದು 2018ರಲ್ಲಿ. ಸುಮಾರು ಅರ್ಧ ಜನಕ್ಕೆ ಹೃದಯ ಮತ್ತೆ ಹೊಡೆಯಲೆಂದು ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಉಳಿದವರಿಗೆ ಬರೀ ಸಲೈನ್. 30 ದಿನದ ನಂತರ ಬದುಕಿದ್ದವರು ಅಡ್ರಿನಲಿನ್ ಗುಂಪಿನಲ್ಲಿ ಶೇ 3.2, ಸಲೈನ್ ಗುಂಪಿನಲ್ಲಿ ಶೇ 2.4. ಉಪಯೋಗ ಇದೆ, ಸರಿ. ಆದರೆ ಬದುಕಿದವರಲ್ಲಿ ಮಿದುಳಿಗೆ ತೀವ್ರ ಪೆಟ್ಟಾದವರು ಅಡ್ರಿನಲಿನ್ ಪಡೆದವರಲ್ಲೇ ಜಾಸ್ತಿ. ಔಷಧಿ ಹೃದಯವನ್ನು ಮತ್ತೆ ಹೊಡೆಸಬಹುದು. ರಕ್ತ ಸಿಗದೆ ಅಷ್ಟರಲ್ಲೇ ಹಾಳಾದ ಮಿದುಳನ್ನು ಸರಿಮಾಡಲಾರದು.

ಆ ಹಿರಿಯರು ಉಳಿಯಲಿಲ್ಲ. ನಾವು ಬರುವ ಮುಂಚೆ ಯಾರೂ ಎದೆ ಒತ್ತಿರಲಿಲ್ಲ. "ಉಸಿರಾಡ್ತಿದ್ರಲ್ಲ" ಅಂದರು. ಹೃದಯ ನಿಂತ ಮೇಲೂ ಕೆಲವರು ಒಂದಷ್ಟು ಹೊತ್ತು ಬಿಟ್ಟುಬಿಟ್ಟು ಗೊರಗೊರ ಅನ್ನುತ್ತಾರೆ. ಅದು ಉಸಿರಾಟವಲ್ಲ.

"ನೀವು ಬರೋವರೆಗೆ ನಾವೇನು ಮಾಡೋಣ?" ಅಂತ ಯಾಕೆ ಯಾರೂ ಕೇಳುವುದಿಲ್ಲ? ಕೇಳಿದರೆ ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ತಟ್ಟಿ, ಕೂಗಿ. ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಅಂದರೆ 108ಕ್ಕೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ. ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ಜೋರಾಗಿ ಒತ್ತಿ, ಪೂರ್ತಿ ಮೇಲೆ ಬರಲು ಬಿಡಿ. ಬಾಯಿಗೆ ಬಾಯಿಟ್ಟು ಊದಲು ಕಲಿತಿಲ್ಲವಾದರೆ ಬೇಡ, ಒತ್ತಿದರೆ ಸಾಕು. ಪಕ್ಕೆಲುಬು ಮುರಿದೀತೆಂದು ಹೆದರಬೇಡಿ, ಮುರಿದದ್ದು ಕೂಡಿಕೊಳ್ಳುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ. ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ. ಗಲ್ಲಿ ಹುಡುಕುವ ಸಮಯ ನಮಗೆ ಉಳಿಯುತ್ತದೆ.