ಹತ್ತು ಕಿಲೋ ಹಾಕಿದರೆ ಹತ್ತು ಕಿಲೋ ಬರಲ್ಲ

ಸೋಮವಾರಪೇಟೆಯಲ್ಲಿರುವ ಅಕ್ಕನ ಮಗ ಹೋದ ತಿಂಗಳು ಫೋನ್ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. "ಚಿಕ್ಕಮ್ಮ, ನಾನೂ ಕಾಫಿ ಪುಡಿ ಮಾಡೋಣ ಅಂತಿದ್ದೀನಿ, ಮೂರು ಲಕ್ಷದ್ದೊಂದು ರೋಸ್ಟಿಂಗ್ ಮೆಷಿನ್ ನೋಡಿಟ್ಟಿದ್ದೀನಿ" ಅಂದ. ಮೆಷಿನ್ ಎಲ್ಲೂ ಓಡಿಹೋಗಲ್ಲ, ಮೊದಲು ನಾನು ದುಡ್ಡು ಕಳೆದುಕೊಂಡ ಕತೆ ಕೇಳು ಅಂದೆ. ಅರ್ಧ ಹೇಳುವಷ್ಟರಲ್ಲಿ ಲೈನ್ ಕಟ್ ಆಯಿತು, ನಮ್ಮ ಕಡೆಯ ನೆಟ್‌ವರ್ಕ್ ಗೊತ್ತಲ್ಲ. ಉಳಿದದ್ದನ್ನು ಬರೆದು ಕಳಿಸಲು ಕೂತೆ, ಅದು ಉದ್ದ ಆಗುತ್ತಾ ಹೋಯಿತು. ಹಾಗಾಗಿ ಇಲ್ಲೇ ಹಾಕುತ್ತಿದ್ದೇನೆ.

ನಾನು ಶುರು ಮಾಡಿದ್ದು 2017ರ ಕೊನೆಯಲ್ಲಿ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಹಿಂದೆ ಸೌದೆ ತುಂಬುತ್ತಿದ್ದ ಕೋಣೆಗೆ ಸುಣ್ಣ ಹೊಡೆದು, ಒಂದು ಟೇಬಲ್, ಒಂದು ತಕ್ಕಡಿ, ಪ್ಯಾಕೆಟ್ ಸೀಲ್ ಮಾಡುವ ಒಂದು ಸಣ್ಣ ಮೆಷಿನ್ ಇಟ್ಟೆ, ಅಷ್ಟೇ. ಪಕ್ಕದ ತೋಟದವರಿಂದ ರೋಬಸ್ಟಾ ಜಾತಿಯ ಕಾಫಿ ಬೀಜ ತರುವುದು, ಕುಶಾಲನಗರದಲ್ಲಿ ಹುರಿದು ಪುಡಿ ಮಾಡಿಕೊಡುವ ಅಂಗಡಿಗೆ ಒಯ್ಯುವುದು, ತಂದು ಕಾಲು ಕಿಲೋದ ಪ್ಯಾಕೆಟ್ ಕಟ್ಟುವುದು. ಲೆಕ್ಕ ಸುಲಭ ಅಂದುಕೊಂಡಿದ್ದೆ. ಬೀಜ ಕಿಲೋಗೆ 160, ಹುರಿದು ಪುಡಿ ಮಾಡುವುದಕ್ಕೆ 20, ಕವರು ಲೇಬಲ್ಲು ಎಲ್ಲ ಸೇರಿ 10. ಒಟ್ಟು 190. ಮಾರುವುದು 220ಕ್ಕೆ. ಕಿಲೋಗೆ 30 ರೂಪಾಯಿ ಲಾಭ, ತಿಂಗಳಿಗೆ 60 ಕಿಲೋ ಹೋದರೆ 1,800. ಮೊದಲ ವರ್ಷಕ್ಕೆ ಪರವಾಗಿಲ್ಲ ಅಲ್ವಾ?

ಏಳು ತಿಂಗಳು ಹೀಗೇ ನಡೆಯಿತು. ಬಿಸ್ಕತ್ತಿನ ಡಬ್ಬಿಯಲ್ಲಿ ಯಾವಾಗಲೂ ದುಡ್ಡು ಇರುತ್ತಿತ್ತು, ಅದನ್ನು ನೋಡಿ ನನಗೆ ಖುಷಿ. ತೋಟದವರಿಗೆ ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದೆ, ಗಿರಾಕಿಗಳು ಕೈಯಲ್ಲೇ ಕೊಟ್ಟು ಹೋಗುತ್ತಿದ್ದರು. ಹಾಗಾಗಿ ಡಬ್ಬಿ ತುಂಬಿದ್ದು ನಿಜ, ಆದರೆ ಅದು ತೋಟದವರ ದುಡ್ಡು.

ತಪ್ಪು ಹಿಡಿದದ್ದು ನಮ್ಮ ಅತ್ತೆ. ಒಂದು ಮಧ್ಯಾಹ್ನ ಪ್ಯಾಕೆಟ್ ಎಣಿಸಿಕೊಡುತ್ತಾ ಕೂತವರು, "ಹತ್ತು ಕಿಲೋ ಕೊಟ್ಟು ಬಂದೆ ಅಂದೆಯಲ್ಲ, ನಲವತ್ತು ಪ್ಯಾಕೆಟ್ ಆಗಬೇಕಲ್ವಾ, ಮೂವತ್ತೆರಡೇ ಇದೆ" ಅಂದರು. ತಳದಲ್ಲಿ ಇನ್ನೂರು ಗ್ರಾಂ ಪುಡಿ ಮಿಕ್ಕಿತ್ತು. ಅಂಗಡಿಯವನು ಹೊಡೆದುಕೊಂಡ ಅಂತಲೇ ನಾನು ಮೊದಲು ಯೋಚಿಸಿದ್ದು, ನಾಚಿಕೆ ಆಗುತ್ತದೆ ಈಗ. ಅವನು ಏನೂ ಮಾಡಿರಲಿಲ್ಲ. ಬೀಜ ಹುರಿಯುವಾಗ ನೀರಿನಂಶ ಹೋಗುತ್ತದೆ, ಹೊಟ್ಟು ಹಾರುತ್ತದೆ. ನೂರಕ್ಕೆ 15ರಿಂದ 20ರಷ್ಟು ತೂಕ ಇಳಿಯುವುದು ಮಾಮೂಲು, ಕಪ್ಪಗೆ ಹುರಿದಷ್ಟೂ ಜಾಸ್ತಿ ಇಳಿಯುತ್ತದೆ. ತೋಟದ ಊರಲ್ಲೇ ಹುಟ್ಟಿ ಬೆಳೆದವಳು ನಾನು, ಒಣಗಿದ ಕಾಫಿ ಹಣ್ಣು, ಅಂದರೆ ಚೆರಿ, ಐವತ್ತು ಕಿಲೋ ಮೂಟೆ ಹಲ್ಲಿಂಗ್ ಮಾಡಿಸಿ ಸಿಪ್ಪೆ ತೆಗೆಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೀಜ ಸಿಗುವುದು ಅಂತ ಗೊತ್ತು, ಅದಕ್ಕೆ ಹೇಳುವ ಔಟ್‌ಟರ್ನ್ ಅನ್ನುವ ಮಾತು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಹುರಿಯುವಾಗಲೂ ಅಂಥದ್ದೇ ಇನ್ನೊಂದು ಇಳುವರಿ ಲೆಕ್ಕ ಇರುತ್ತದೆ ಅನ್ನುವುದು ತಲೆಗೇ ಹೋಗಿರಲಿಲ್ಲ.

ಅವತ್ತು ರಾತ್ರಿ ಕೂತು ಹೊಸದಾಗಿ ಲೆಕ್ಕ ಹಾಕಿದೆ. 1,600 ರೂಪಾಯಿಯ ಬೀಜಕ್ಕೆ 8.2 ಕಿಲೋ ಪುಡಿ. ಅಂದರೆ ಬೀಜವೇ ಕಿಲೋಗೆ 195 ಬಿತ್ತು. ಹುರಿಯುವುದಕ್ಕೂ ಕವರಿಗೂ ಸೇರಿ ಮೇಲೆ 30. ಒಟ್ಟು 225. ನಾನು 220ಕ್ಕೆ ಮಾರುತ್ತಿದ್ದೆ! ಏಳು ತಿಂಗಳು, 420 ಕಿಲೋ, ಪ್ರತಿ ಕಿಲೋಗೂ ಐದು ರೂಪಾಯಿ ನಾನೇ ಗಿರಾಕಿಗೆ ಕೊಟ್ಟು ಕಾಫಿ ಕುಡಿಸಿದ್ದೆ. ಕುಶಾಲನಗರದ ಬಸ್ ಚಾರ್ಜು ಇದರಲ್ಲಿ ಸೇರಿಲ್ಲ. ನನ್ನ ಕೂಲಿ ಅಂತೂ ಕೇಳಲೇಬೇಡಿ.

ಅದಕ್ಕೇ ಹೇಳುವುದು, ನೀನು ಏನೇ ಮಾಡು, ಉಪ್ಪಿನಕಾಯಿಯೋ, ನಮ್ಮ ಕೊಡಗಿನ ಹುಳಿ ಕಾಚಂಪುಳಿಯೋ, ಮಸಾಲೆಯೋ, ಒಳಗೆ ಹೋದದ್ದನ್ನು ಲೆಕ್ಕ ಮಾಡಬೇಡ, ಪ್ಯಾಕೆಟ್‌ಗೆ ಬಂದದ್ದನ್ನು ತೂಗಿ ಲೆಕ್ಕ ಮಾಡು. ನಿನ್ನ ದಿನಗೂಲಿಯನ್ನೂ ಖರ್ಚಿನಲ್ಲಿ ಬರೆ. ಅಂಗಡಿಗೆ ಕೊಡುವುದಾದರೆ ಅವರ ಕಮಿಷನ್ ಬಿಟ್ಟು ನಿನಗೆಷ್ಟು ಉಳಿಯುತ್ತದೆ ಅಂತಲೂ ನೋಡು. ಇಷ್ಟಾದ ಮೇಲೆ ರೇಟು ಜಾಸ್ತಿ ಕಂಡರೆ ಜಾಸ್ತಿಯೇ ಇಡು. ನಾನು ಒಂದೇ ಸಲ 220ರಿಂದ 280ಕ್ಕೆ ಏರಿಸಿದೆ. ಹತ್ತು ಹನ್ನೆರಡು ಮನೆಯವರು ಬಿಟ್ಟರು, ಅದರಲ್ಲಿ ಮುಕ್ಕಾಲು ಪಾಲು ನೆಂಟರೇ, "ನಮ್ಮವರಿಗೂ ಇದೇ ರೇಟಾ" ಅಂದವರು.

ಇನ್ನು ಮಳೆ. ಕೊಡಗಲ್ಲಿ ವ್ಯಾಪಾರ ಮಾಡುವವರು ವರ್ಷಕ್ಕೆ ಹನ್ನೆರಡು ತಿಂಗಳು ಅಂತ ಲೆಕ್ಕ ಹಾಕಬಾರದು, ಒಂಬತ್ತು ಅಂತ ಹಾಕಬೇಕು. ಡಿಸೆಂಬರ್ ರಜೆಯಲ್ಲಿ ಮಡಿಕೇರಿಯಲ್ಲಿ ನಿಂತು ಸ್ಪೈಸಸ್ ಅಂಗಡಿಗಳ ಮುಂದೆ ಜನ ನೋಡಿ "ನಾನೂ ಒಂದು ಹಾಕ್ತೀನಿ" ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಜುಲೈ ತಿಂಗಳ ಯಾವುದಾದರೂ ಮಂಗಳವಾರ ಅದೇ ಜಾಗದಲ್ಲಿ ಒಂದು ಗಂಟೆ ನಿಂತು ಎಷ್ಟು ಜನ ಒಳಗೆ ಹೋದರು ಅಂತ ಎಣಿಸಿ ಬಾ, ಆಮೇಲೆ ಬಾಡಿಗೆ ಮಾತಾಡು. ತೋಟದವರ ಕೈಯಲ್ಲೂ ಆಗ ದುಡ್ಡಿರಲ್ಲ, ರೋಬಸ್ಟಾ ಕುಯ್ದು ಮಾರಿ ದುಡ್ಡು ನೋಡುವುದು ಮಾರ್ಚ್ ಹೊತ್ತಿಗೆ. ನಮ್ಮ ತಿಂಗಳ ಖರ್ಚು ಈಗ ಸುಮಾರು 9,000. ಅದರ ಮೂರು ಪಟ್ಟು 27,000ವನ್ನು ಜನವರಿಯಿಂದ ಮೇ ಒಳಗೆ ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಆ ಖಾತೆಗೆ ಎಟಿಎಂ ಕಾರ್ಡನ್ನೇ ಮಾಡಿಸಿಲ್ಲ, ಬೇಕಂತಲೇ.

ಈ ಬುದ್ಧಿ ಬಂದದ್ದು 2018ರ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ನನ್ನ ಪುಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮೂರು ಹೋಂಸ್ಟೇಗಳಿಗೆ ಹೋಗುತ್ತಿತ್ತು, ಎಲ್ಲ ಸಾಲದ ಮೇಲೆ. ಗುಡ್ಡಗಳು ಜರಿದವು, ಜೋಡುಪಾಲದ ಹತ್ತಿರ ರಸ್ತೆ ಹೋಯಿತು, ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಕೂತಿದ್ದರು. ಪ್ರವಾಸಿಗರು ಎಲ್ಲಿಂದ ಬರಬೇಕು? ಅಂಥ ಹೊತ್ತಲ್ಲಿ ಹೋಗಿ "ನನ್ನ ಹನ್ನೊಂದು ಸಾವಿರ ಕೊಡಿ" ಅಂತ ಕೇಳಲು ಬಾಯಿ ಬರಲಿಲ್ಲ. ಇಬ್ಬರು ಮುಂದಿನ ವರ್ಷ ತಾವಾಗಿ ತಂದು ಕೊಟ್ಟರು, ಒಬ್ಬರದ್ದು ಇವತ್ತಿಗೂ ಪುಸ್ತಕದಲ್ಲಿದೆ. ಈಗ ಯಾರಿಗೇ ಆಗಲಿ ಎರಡು ಸಾವಿರದ ಮೇಲೆ ಸಾಲ ಇಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ, ಒಂದು ವಾರ ಬಿಟ್ಟು ಮತ್ತೆ ಬರುತ್ತಾರೆ.

ಮಳೆಯಲ್ಲಿ ಪುಡಿ ಗಟ್ಟಿಯಾಗುವುದು, ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ನಿನಗೆ ಹೇಳಬೇಕಾಗಿಲ್ಲ. ಒಂದು ಸಲ ಆರ್ಡರ್ ಇತ್ತು, ಕರೆಂಟ್ ಇರಲಿಲ್ಲ. ಪ್ಲಾಸ್ಟಿಕ್ ಕವರಿನ ಬಾಯಿಯನ್ನು ಹ್ಯಾಕ್ಸಾ ಬ್ಲೇಡಿನ ಮೇಲೆ ಮಡಚಿ, ಆ ಅಂಚನ್ನು ಮೇಣದಬತ್ತಿಯ ಉರಿಗೆ ತೋರಿಸಿ ಎಳೆಯುವುದು, ಹಾಗೆ ಎಂಬತ್ತು ಪ್ಯಾಕೆಟ್ ಮುಚ್ಚಿದೆವು. ಮೊದಲ ಹತ್ತು ಸುಟ್ಟು ತೂತಾದವು. ಈಗ ಜೂನ್‌ಗೆ ಬೇಕಾದದ್ದನ್ನು ಮೇ ಕೊನೆಗೇ ಹುರಿಸಿ, ದಪ್ಪ ಫಾಯಿಲ್ ಕವರಿಗೆ ಹಾಕಿಡುತ್ತೇನೆ.

ಕಾಗದಪತ್ರ ಜಾಸ್ತಿ ಇಲ್ಲ, ಹೆದರಬೇಡ. ಆಹಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಫೀಸು ಬರೀ 100 ರೂಪಾಯಿ. ಅವರು ಕೊಡುವ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಬೇಕು, ಜೊತೆಗೆ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ಫೋನ್ ನಂಬರ್. ಚಿಕೋರಿ ಹಾಕಿದರೆ ಎಷ್ಟು ಪಾಲು ಅಂತ ಬರೆಯಲೇಬೇಕು, ನೂರಕ್ಕೆ 49 ದಾಟುವ ಹಾಗಿಲ್ಲ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲು ಮಾಡಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಇಟ್ಟುಕೊಂಡು ನೀನೇ ಮೊಬೈಲಲ್ಲಿ ಮಾಡಿಕೋ. ನನ್ನ ಹತ್ತಿರ ಒಬ್ಬ ಏಜೆಂಟ್ ಅದಕ್ಕೇ 1,500 ತಗೊಂಡ. ಜಿಎಸ್‌ಟಿ ವಿಷಯದಲ್ಲಿ ಒಂದೇ ಮಾತು, ಸಾಮಾನು ಮಾರುವವರಿಗೆ 40 ಲಕ್ಷದವರೆಗೆ ಬೇಡ ಅಂತ ಎಲ್ಲರೂ ಹೇಳುತ್ತಾರೆ, ಅದು ರಾಜ್ಯದೊಳಗೆ ಮಾರಿದರೆ ಮಾತ್ರ. ಕೇರಳ ಗಡಿಯ ಮಾಕುಟ್ಟ ದಾಟಿ ಕಣ್ಣೂರಿನ ಅಂಗಡಿಗೆ ಕಳಿಸಿದರೆ ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಬೇಕು. ನಮ್ಮಂಥ ಗಡಿ ಜಿಲ್ಲೆಯವರು ಸಿಕ್ಕಿಬೀಳುವುದು ಇಲ್ಲೇ.

ಮೆಷಿನ್ ವಿಷಯಕ್ಕೆ ಬರುತ್ತೇನೆ. ನಾನು ಪುಡಿ ಮಾಡುವ ಸಣ್ಣ ಮೆಷಿನ್ ತಗೊಂಡದ್ದು 2019ರಲ್ಲಿ, ಸಣ್ಣ ವ್ಯಾಪಾರಕ್ಕೆ ಸಾಲ ಕೊಡುವ ಸರ್ಕಾರದ ಮುದ್ರಾ ಯೋಜನೆಯಲ್ಲಿ 50,000 ಸಾಲ ಮಾಡಿ. ಹುರಿಯುವುದು ಇವತ್ತಿಗೂ ಕುಶಾಲನಗರದಲ್ಲೇ. ಅವರು ಮೂವತ್ತು ವರ್ಷದಿಂದ ಹುರಿಯುತ್ತಿದ್ದಾರೆ, ಬೀಜ ಸಿಡಿಯುವ ಸದ್ದು ಕೇಳಿಯೇ ಉರಿ ಇಳಿಸುತ್ತಾರೆ. ಆ ಕಿವಿ ನನಗೆ ಮೂರು ಲಕ್ಷ ಕೊಟ್ಟರೂ ಬರಲ್ಲ. ಕಿಲೋಗೆ ಇಷ್ಟು ಅಂತ ಕೊಟ್ಟರಾಯಿತು, ಮಾರಿದಷ್ಟಕ್ಕೇ ಖರ್ಚು. ಮೆಷಿನ್ ಕಂತು ಹಾಗಲ್ಲ, ಜುಲೈನಲ್ಲೂ ಕಟ್ಟಬೇಕು.

ಇದನ್ನೆಲ್ಲ ಬರೆಯುತ್ತಿರುವಾಗಲೇ ನಿನ್ನೆ ಸಂಜೆ ಅವನ ಫೋನ್ ಬಂತು. ಮೆಷಿನ್‌ಗೆ ಅಡ್ವಾನ್ಸ್ ಕೊಟ್ಟಿಲ್ಲವಂತೆ. ಸುಮ್ನೆ ನೋಡೋಣ ಅಂತ ಹತ್ತು ಕಿಲೋ ಬೀಜ ಹುರಿಸಿಕೊಂಡು ಬಂದಿದ್ದಾನೆ.

"ಎಷ್ಟು ಬಂತು?" ಅಂದೆ.

"ಎಂಟು ಕಿಲೋ ನಾನೂರು ಚಿಕ್ಕಮ್ಮ. ಎರಡು ಸಲ ತೂಗಿದೆ."