ಶಂಕೆ ಬಂದರೆ ಸಾಕು
ದಾವಣಗೆರೆಯ ನಮ್ಮ ಅಂಗನವಾಡಿಯಲ್ಲಿ ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸುವವಳು ನಾನೇ. ಅಂಗಿಯ ತೋಳು ಮಡಚುವಾಗ ಕಣ್ಣು ಚುರುಕಾಗಿರಬೇಕು. ಆಟದಲ್ಲಿ ಬಿದ್ದರೆ ಸಾಮಾನ್ಯವಾಗಿ ಮೊಣಕಾಲು, ಮೊಣಕೈ ತರಚುತ್ತದೆ. ತೋಳಿನ ಒಳಬದಿಯಲ್ಲಿ ಬೆರಳು ಒತ್ತಿದಂತೆ ಸಾಲಾಗಿ ನೀಲಿಗಟ್ಟುವುದಿಲ್ಲ.

ಇಂಥ ಗುರುತು ಕಂಡು ದೂರು ಕೊಡಹೋದರೆ ‘ಊರ ಉಸಾಬರಿ ನಿಮಗೇಕೆ ಟೀಚರ್’ ಎನ್ನುವವರಿದ್ದಾರೆ. ಆ ಮಾತಿಗೆ ನನಗೆ ಮೈ ಉರಿಯುತ್ತದೆ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ, ಅದರಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲಾಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ.

ಸಾಕ್ಷ್ಯ ಹುಡುಕುವುದು ನಮ್ಮ ಕೆಲಸವಲ್ಲ. ಮಗುವನ್ನು ಕೆದಕಿ ಕೆದಕಿ ಕೇಳುವುದಂತೂ ಕೂಡದು. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡುತ್ತೇನೆ. ಏಟಿನ ಗುರುತು ಕಂಡರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ. ಮನೆಯವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.