ಹಾಸು, ಹೊಕ್ಕು ಮತ್ತು ಒಂದು ಬಕೆಟ್

1993ರಲ್ಲಿ, ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ನಮ್ಮ ಶಾಲೆಯಿಂದ ಬಹಳ ಹಿಂದೆಯೇ ನಿವೃತ್ತರಾಗಿದ್ದ ಗುರುಗಳೊಬ್ಬರು ತೀರಿಕೊಂಡ ಸುದ್ದಿ ಬಂದಿತು. ಪ್ರಾರ್ಥನೆಯ ಹೊತ್ತಿಗೆ ಓದಲು ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸಂತಾಪ ಬರೆಯುವ ಕೆಲಸವನ್ನು ನನಗೆ ಒಪ್ಪಿಸಲಾಯಿತು. ಗೈಡಿನ ಕೊನೆಯ ಪುಟಗಳಲ್ಲಿದ್ದ ಇಡಿಯಂಗಳನ್ನೆಲ್ಲ, ಅಂದರೆ ನುಡಿಗಟ್ಟುಗಳನ್ನೆಲ್ಲ, ಬಾಯಿಪಾಠ ಮಾಡಿಕೊಂಡಿದ್ದವನೆಂಬ ಹೆಸರು ನನಗಿತ್ತು. ಆ ಗೈಡು 'ಕಿಕ್ ದಿ ಬಕೆಟ್' ಎಂಬುದರ ಎದುರಿಗೆ 'ಸಾಯು' ಎಂದಷ್ಟೇ ಅಚ್ಚು ಹಾಕಿ ಕೈತೊಳೆದುಕೊಂಡಿತ್ತು. ನಾನೂ ಅದನ್ನೇ ನಂಬಿ, ನಮ್ಮ ಪೂಜ್ಯ ಗುರುಗಳು ನಿನ್ನೆ ರಾತ್ರಿ ಬಕೆಟ್ ಒದ್ದರೆಂದು ದುಂಡಾದ ಅಕ್ಷರಗಳಲ್ಲಿ ಬರೆದು ಇಂಗ್ಲಿಷ್ ಸರ್ ಅವರ ಕೈಗೆ ಕೊಟ್ಟೆ.

ಸರ್ ಬೈಯಲಿಲ್ಲ. ಕನ್ನಡಕ ತೆಗೆದು, "ತಮ್ಮಾ, ನಿಮ್ಮಜ್ಜ ಹೋದಾಗ ಬೀಗರಿಗೆ ಏನಂತ ಹೇಳಿ ಕಳಿಸಿದ್ರಿ? ಗೊಟಕ್ ಅಂದ ಅಂತ ಹೇಳಿ ಕಳಿಸಿದ್ರೇನು?" ಎಂದು ಕೇಳಿದರು. ಶಿವನ ಪಾದ ಸೇರಿದರೆಂದು ಹೇಳಿ ಕಳಿಸಿದ್ದೆವು ಎಂದೆ. "ಹಂಗಾದ್ರ ಇಂಗ್ಲೀಷರಿಗೆ ಅಷ್ಟೂ ಮರ್ಯಾದಿ ಇಲ್ಲಂತ ತಿಳದೀಯೇನು?" ಎಂದರು. 1785ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿಸ್ ಗ್ರೋಸ್ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿಯೇ ಈ ಬಕೆಟ್ ಇದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದು ಹುಟ್ಟಿನಿಂದಲೇ ಬೀದಿಯ ಮಾತು, ಸಂತಾಪದ ಮಾತಲ್ಲ.

ಮರುದಿನ ಸರ್ ಎಲ್ಲರಿಂದಲೂ ನೂರು ಪುಟದ ಒಂದು ನೋಟ್‌ಬುಕ್ ತರಿಸಿ, ಪ್ರತಿ ಪುಟದಲ್ಲಿಯೂ ಮೂರು ಅಂಕಣಗಳನ್ನು ಹಾಕಿಸಿದರು. ಮೊದಲನೆಯದರಲ್ಲಿ ನುಡಿಗಟ್ಟು, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ 'ಯಾರು ಯಾರಿಗೆ ಹೇಳುವ ಮಾತು'. ಗೈಡುಗಳಲ್ಲಿ ಮೊದಲೆರಡು ಸಿಗುತ್ತಿದ್ದವು. ಮೂರನೆಯದನ್ನು ತುಂಬಲು ಸರ್ ಮೇಜಿನ ಮೇಲಿದ್ದ ಆಕ್ಸ್‌ಫರ್ಡ್ ನಿಘಂಟನ್ನೇ ಕಾಯಬೇಕಾಗುತ್ತಿತ್ತು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಜೊತೆಗಾರರೊಂದಿಗೆ ಸಿದ್ಧಪಡಿಸಿ, 1942ರಲ್ಲಿ ಅಲ್ಲಿಯೇ ಅಚ್ಚಾದ ಕೋಶದಿಂದ ಬೆಳೆದ ನಿಘಂಟು ಅದು. ಇಂಗ್ಲಿಷ್ ಮನೆಮಾತಲ್ಲದವರಿಗೆಂದೇ ಮಾಡಿದ್ದರಿಂದ, ಯಾವ ಮಾತು ಸಲಿಗೆಯದು, ಯಾವುದು ಹಾಸ್ಯದ್ದು, ಯಾವುದು ಹಳತಾದದ್ದು ಎಂಬ ಗುರುತು ಅದರಲ್ಲಿ ಇರುತ್ತಿತ್ತು.

ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಬೆಟಗೇರಿಯ ನೇಕಾರರ ಮಕ್ಕಳು. ಕಿಟಕಿ ತೆರೆದರೆ ಮಗ್ಗದ ಸದ್ದು ಒಳಗೇ ಬರುತ್ತಿತ್ತು. ಇಡಿಯಮ್ಮಿನಲ್ಲಿ ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಬದಲಾಯಿಸಬಾರದು ಎಂಬ ತೊಡಕನ್ನು ಸರ್ ಬಿಡಿಸಿದ್ದೂ ಮಗ್ಗದಿಂದಲೇ. ಒಮ್ಮೆ ಉದ್ದಕ್ಕೆ ಬಿಗಿಯುವ ಹಾಸನ್ನು ಕಟ್ಟಿದ ಮೇಲೆ ಅದು ಕದಲುವುದಿಲ್ಲ, ಅಡ್ಡಕ್ಕೆ ಹಾಯುವ ಲಾಳಿಯೊಳಗಿನ ಹೊಕ್ಕಿನ ನೂಲನ್ನು ಮಾತ್ರ ಬೇಕಾದಾಗ ಬದಲಿಸಬಹುದು. ಹಾಗೆಯೇ 'ಸ್ಪಿಲ್ ದಿ ಬೀನ್ಸ್' ಎಂಬಲ್ಲಿ ಬೀನ್ಸ್ ಹಾಸು, ಸ್ಪಿಲ್ ಎಂಬ ಕ್ರಿಯಾಪದ ಹೊಕ್ಕು. ಗುಟ್ಟು ನಿನ್ನೆ ರಟ್ಟಾಯಿತೋ ನಾಳೆ ಆಗಲಿದೆಯೋ ನೋಡಿಕೊಂಡು ಸ್ಪಿಲ್ಡ್ ಎನ್ನಬಹುದು, ವಿಲ್ ಸ್ಪಿಲ್ ಎನ್ನಬಹುದು, ಆದರೆ ಬೀನ್ಸ್ ತೆಗೆದು ಅಲಸಂದಿ ಹಾಕುವಂತಿಲ್ಲ. "ಅಡ್ಡಗ್ವಾಡಿ ಮ್ಯಾಲೆ ದೀಪಾ ಇಟ್ಟಂಗ ಅಂತೀವಿ. ಟ್ಯೂಬ್‌ಲೈಟ್ ಇಟ್ಟಂಗ ಅಂದ್ರ ನಡೀತೈತೇನು?" ಎಂದು ಅವರು ಕೇಳಿದಾಗ ಇಡೀ ವರ್ಗ ನಕ್ಕಿತ್ತು. ಯಾವುದೇ ವಿಷಯದ ಮೂಲ ಹೆಣಿಗೆಯನ್ನು ಹೇಳಲು ಇಂಗ್ಲಿಷರೂ 'ವಾರ್ಪ್ ಅಂಡ್ ವೂಫ್', ಅಂದರೆ ಹಾಸು ಮತ್ತು ಹೊಕ್ಕು, ಎನ್ನುತ್ತಾರೆಂದು ಹೇಳಿ, ಅದನ್ನು ಮನೆಗೆ ಹೋಗಿ ಅಪ್ಪನಿಗೆ ತಿಳಿಸಲು ಹೇಳಿದರು. ಅಪ್ಪ ಲಾಳಿ ನಿಲ್ಲಿಸದೆ, "ಅವರೂ ನೇಯ್ತಾರಲ್ಲ, ಮತ್ತ" ಎಂದಿದ್ದ.

ಒಂದೇ ಅಂಗ ಎರಡು ಭಾಷೆಗಳಲ್ಲಿ ಎರಡು ಕೆಲಸ ಮಾಡುವ ಕಡೆ ನಾವು ಹೆಚ್ಚು ಎಡವುತ್ತಿದ್ದೆವು. ಕ್ರಿಕೆಟ್ ಪಂದ್ಯದ ದಿನ ಬರುತ್ತೇನೆಂದು ಹೇಳಿ ಬಾರದೇ ಹೋದ ಗೆಳೆಯನ ಬಗ್ಗೆ ನಾನು 'ಹಿ ಗೇವ್ ಮಿ ಎ ಹ್ಯಾಂಡ್' ಎಂದು ಬರೆದಿದ್ದೆ. ನಮ್ಮಲ್ಲಿ ಕೈ ಕೊಟ್ಟವನು ಮೋಸ ಮಾಡಿದವನು. ಇಂಗ್ಲಿಷಿನಲ್ಲಿ ಅವನೇ ನೆರವಾದವನು. ಸರ್ ಆ ವಾಕ್ಯದ ಪಕ್ಕದಲ್ಲಿ, 'ಇಷ್ಟು ಒಳ್ಳೆಯ ಗೆಳೆಯನ ಮೇಲೆ ಸಿಟ್ಟೇಕೆ?' ಎಂದು ಕೆಂಪು ಶಾಯಿಯಲ್ಲಿ ಬರೆದು ಅರ್ಧ ಅಂಕ ಕೊಟ್ಟಿದ್ದರು. ಆ ಅರ್ಧ ಅಂಕ ಯಾವುದಕ್ಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಸರ್ ಕಲಿಸಿದ್ದರಲ್ಲಿ ಒಂದು ಮಾತ್ರ ಕೆಲಸಕ್ಕೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಮಳೆ ಧೋ ಎಂದು ಸುರಿದರೆ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎನ್ನಬೇಕೆಂದು ನಾವೆಲ್ಲ ಕಲಿತಿದ್ದೆವು. ಪುಣೆಯ ಕಚೇರಿಯಿಂದ ಇಂಗ್ಲೆಂಡಿನ ಗ್ರಾಹಕರೊಬ್ಬರೊಡನೆ ಫೋನಿನಲ್ಲಿ ಮಾತನಾಡುವಾಗ ನಾನು ಹಾಗೆಂದಾಗ, ಅವರು ನಕ್ಕು, ಆ ಮಾತನ್ನು ಕೊನೆಯ ಸಲ ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದಾಗಿ ಹೇಳಿದರು. ಜೊನಾಥನ್ ಸ್ವಿಫ್ಟ್ 1738ರಲ್ಲಿಯೇ ಬಳಸಿದ ಈ ಮಾತನ್ನು ನಮ್ಮ ಪಠ್ಯಗಳು ಇನ್ನೂ ಬಿಟ್ಟಿಲ್ಲ. ನೀವು ಏನೆನ್ನುತ್ತೀರಿ ಎಂದು ಕೇಳಿದೆ. 'ಇಟ್ಸ್ ಬಕೆಟಿಂಗ್ ಡೌನ್' ಎಂದರು. ಬಕೆಟ್ ನನ್ನನ್ನು ಅಲ್ಲಿಯವರೆಗೂ ಬೆನ್ನಟ್ಟಿಕೊಂಡು ಬಂದಿತ್ತು.

ಅದೇ ಗ್ರಾಹಕರ ಎದುರು ಇನ್ನೊಂದು ಮಾತು ಮಾತ್ರ ಫಲಿಸಿತು. 'ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕಾಸಲ್' ಎಂಬುದನ್ನು ಕಲಿಸುವಾಗ ಸರ್, ಟೈನ್ ನದಿಯ ದಂಡೆಯ ಆ ಊರಿನಿಂದ ಶತಮಾನಗಳ ಕಾಲ ಹಡಗುಗಳಲ್ಲಿ ಕಲ್ಲಿದ್ದಲು ಲಂಡನ್ನಿಗೆ ಹೋಗುತ್ತಿದ್ದುದನ್ನು ವಿವರಿಸಿ, ಅಲ್ಲಿಗೇ ಕಲ್ಲಿದ್ದಲು ಹೊತ್ತೊಯ್ಯುವವನನ್ನು ನಮ್ಮ ಸೀಮೆಯಲ್ಲಿ ಏನನ್ನಬಹುದೆಂದು ಕೇಳಿದ್ದರು. ಹಿಂದಿನ ಬೆಂಚಿನಿಂದ, "ಬ್ಯಾಡಗಿಗೆ ಮೆಣಸಿನಕಾಯಿ ಹೊತ್ತವ್ರೀ ಸರ್" ಎಂಬ ಉತ್ತರ ಬಂದಿತ್ತು. ಸರ್ ಅದನ್ನು ಹಲಗೆಯ ಮೇಲೆ ಬರೆಸಿ, ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿರೆಂದು ಎಚ್ಚರಿಸಿದ್ದರು. ಮೊನ್ನೆ ಆ ಗ್ರಾಹಕರು ತಮ್ಮಲ್ಲಿ ಆಗಲೇ ಇರುವ ಮಾಹಿತಿಯನ್ನೇ ನಮ್ಮಿಂದ ಮತ್ತೆ ಕೇಳಿದಾಗ ಅದು ನನ್ನ ಬಾಯಿಗೆ ಇಂಗ್ಲಿಷಿನಲ್ಲಿ ಬಂದುಬಿಟ್ಟಿತು. ಬ್ಯಾಡಗಿ ಎಲ್ಲಿದೆ, ಅಲ್ಲಿಯ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಯಾಕೆ ಹೆಸರಾಯಿತು ಎಂದು ಐದು ನಿಮಿಷ ವಿವರಿಸಬೇಕಾಯಿತು. ಈಗ ಅವರೇ ಇ-ಮೇಲುಗಳಲ್ಲಿ ಅದನ್ನು ಬಳಸುತ್ತಾರೆ. ಬ್ಯಾಡಗಿಯ ಸ್ಪೆಲ್ಲಿಂಗನ್ನು ಮಾತ್ರ ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ತಪ್ಪು ಬರೆಯುತ್ತಾರೆ.